ಪರದೆಯ ಹಿಂದೆ ನಾಲ್ಕು ಟ್ಯೂಬಾ

ಭೂಕಂಪಣ್ಣನ ಹೆಂಡತಿಗೆ ಗಂಡನ ಮೇಲೆ ಇದ್ದ ದೂರು ಒಂದೇ ಒಂದು. ಅವನು ಕುಡಿಯುತ್ತಿರಲಿಲ್ಲ, ಇಸ್ಪೀಟು ಆಡುತ್ತಿರಲಿಲ್ಲ, ಬೇರೆ ಹೆಂಗಸರತ್ತ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಟ್ಯೂಬಾ ಊದುತ್ತಿದ್ದ. ("ಆ ಮೂರರಲ್ಲಿ ಯಾವ್ದಾದ್ರೂ ಒಂದು ಚಟ ಇದ್ದಿದ್ರೆ ಮನೇಲಿ ಸದ್ದಾದ್ರೂ ಇರ್ತಿರ್ಲಿಲ್ಲ" ಎಂದು ಅವಳು ತಾಯಿಯ ಹತ್ತಿರ ಹೇಳಿಕೊಂಡದ್ದುಂಟು.)

ಟ್ಯೂಬಾ ಗೊತ್ತಿಲ್ಲದವರಿಗೆ ಒಂದು ಮಾತು. ಬ್ಯಾಂಡಿನವರು ಮೆರವಣಿಗೆ ಹೊರಟಾಗ ಕಟ್ಟಕಡೆಯ ಸಾಲಿನಲ್ಲಿ ಒಂದು ಹಿತ್ತಾಳೆಯ ಹಂಡೆ ಎರಡು ಕಾಲಿನ ಮೇಲೆ ನಡೆದು ಬರುವುದನ್ನು ನೀವು ನೋಡಿರಬಹುದು. ಆ ಹಂಡೆಯೇ ಟ್ಯೂಬಾ. ಕಾಲು ಮಾತ್ರ ಊದುವವನದು. ಹಾಡು ನುಡಿಸುವುದು, ಚಪ್ಪಾಳೆ ಗಿಟ್ಟಿಸುವುದು, ಪೇಪರಿನ ಫೋಟೋದಲ್ಲಿ ಮುಖ ಕಾಣಿಸುವುದು ಇವೆಲ್ಲ ಮುಂದಿನ ಸಾಲಿನ ಕ್ಲಾರಿನೆಟ್ಟು, ಟ್ರಂಪೆಟ್ಟುಗಳ ಹಕ್ಕು. ಹಿಂದೆ ನಿಂತು 'ಭೋಂ... ಭೋಂ...' ಎಂದು ಇಡೀ ಬ್ಯಾಂಡನ್ನು ನೆಲದ ಮೇಲೆ ನಿಲ್ಲಿಸುವುದು ಟ್ಯೂಬಾದ ಪಾಡು. ಅದನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ. ನಿಲ್ಲಿಸಿದರೆ ಮಾತ್ರ ಎಲ್ಲರೂ ತಿರುಗಿ ನೋಡುತ್ತಾರೆ.

ಹಗಲೆಲ್ಲ ಲಿಫ್ಟ್ ರಿಪೇರಿ ಮಾಡುವ ನಮ್ಮ ಕಥಾನಾಯಕ ಸಂಜೆ ಊರ ಬ್ಯಾಂಡಿನಲ್ಲಿ ಈ ಪಾಡು ಪಡುತ್ತ ಬಂದು ಎಷ್ಟೋ ವರ್ಷವಾಗಿತ್ತು. ಹಿಂದೊಮ್ಮೆ ಪಾರ್ಕಿನ ಮಂಟಪದಲ್ಲಿ ಅವನು ಎಷ್ಟು ಆಳದ ಸ್ವರ ಊದಿದನೆಂದರೆ, ಎದುರಿನ ಹೋಟೆಲಿನ ಕಪ್ಪುಗಳೆಲ್ಲ ಸಾಸರಿನ ಮೇಲೆ ಕುಣಿದವಂತೆ, ಒಬ್ಬ ಗಿರಾಕಿ ಬಿಲ್ಲು ಕೊಡದೆ ಬೀದಿಗೆ ಓಡಿದನಂತೆ. ಅಂದಿನಿಂದ ಭೂಕಂಪಣ್ಣ ಎಂಬ ಬಿರುದು ಅವನಿಗೆ ಅಂಟಿಕೊಂಡಿತು. ಬಿಲ್ಲು ಕೊಡದೆ ಓಡಿದವನಿಗೆ ಬೇರೇನೋ ಕಾರಣವಿತ್ತು ಎಂದು ಅವನ ಹೆಂಡತಿ ಹೇಳುತ್ತಾಳೆ. ಆ ಮಾತು ನಮಗೆ ಬೇಡ.

ಆ ಕೀರ್ತಿಗೆ ಕಾರಣವಾದ ಬ್ಯಾಂಡಿನ ಹಳೆಯ ಟ್ಯೂಬಾ ಇತ್ತೀಚೆಗೆ ವೀರಮರಣ ಹೊಂದಿತ್ತು. ಭೂಕಂಪಣ್ಣ ಅದನ್ನು ವ್ಯಾನಿನ ಹಿಂದೆ ಇಟ್ಟು ಶೂ ಲೇಸು ಕಟ್ಟಿಕೊಳ್ಳುತ್ತಿದ್ದಾಗ ಡ್ರಮ್ಮಿನವನು ವ್ಯಾನನ್ನು ಹಿಂದಕ್ಕೆ ತೆಗೆದ. ಟ್ಯೂಬಾ ಕೊನೆಯದಾಗಿ ಒಂದು ಸ್ವರ ಹೊರಡಿಸಿತು. ಅಂಥ ಶುದ್ಧ ಸ್ವರ ತನ್ನ ಬಾಯಿಂದ ಎಂದೂ ಬಂದಿರಲಿಲ್ಲವೆಂದು ಭೂಕಂಪಣ್ಣನೇ ಒಪ್ಪಿಕೊಂಡ.

ಆಗಲೇ ಬ್ಯಾಂಡ್ ಮಾಸ್ತರರು ಒಂದು ಸಿಹಿ ಸುದ್ದಿ, ಒಂದು ಕಹಿ ಸುದ್ದಿ ಎರಡನ್ನೂ ಒಟ್ಟಿಗೆ ತಂದರು.

"ಪಾರ್ಕಿನ ಕಛೇರಿಗೆ ಹೊಸ ಹಾಡು ಹಾಕಿದೀನಿ. ಅದ್ರಲ್ಲಿ ಟ್ಯೂಬಾ ಒಂದೇ ನುಡಿಸ್ಬೇಕು, ಒಂದಿಡೀ ಪುಟ! ಬೇರೆಯವರೆಲ್ಲ ಬಾಯಿ ಮುಚ್ಕೊಂಡಿರ್ತಾರೆ. ಅಂಗಡಿಯವರು ನಾಲ್ಕು ಥರದ ಟ್ಯೂಬಾ ಕೊಡ್ತಾರೆ, ಮನೆಗೆ ತಗೊಂಡ್ಹೋಗಿ ಊದಿ ನೋಡಿ. ಯಾವ್ದು ಒಳ್ಳೇದೋ ಅದು ಬ್ಯಾಂಡಿಗೆ."

ಭೂಕಂಪಣ್ಣನಿಗೆ ಕಾಲು ನೆಲಕ್ಕೆ ತಾಗಲಿಲ್ಲ. ಇಡೀ ಪುಟ! ತನ್ನೊಬ್ಬನದೇ!

"ಇನ್ನೊಂದು ಮಾತು. ವಯಸ್ಸಾಯ್ತು, ಉಸಿರು ಸಾಲ್ದು ಅನ್ಸಿದ್ರೆ ನಾಚ್ಕೋಬೇಡಿ, ಹೇಳ್ಬಿಡಿ. ಬೇಕರಿಯವನು ತಯಾರಾಗಿದಾನೆ."

ಬೇಕರಿಯವನು ಬ್ಯಾಂಡಿನಲ್ಲಿ ತಾಳ ಬಡಿಯುತ್ತಿದ್ದ ತರುಣ. ಮೈದಾ ಮೂಟೆಯಂಥ ಎದೆ. ಹಿಟ್ಟು ನಾದಿ ನಾದಿ ತೋಳುಗಳು ಕಂಬವಾಗಿದ್ದವು. ಭೂಕಂಪಣ್ಣ ಊದುವಾಗಲೆಲ್ಲ ಅವನು ಕುರ್ಚಿಯನ್ನೇ ನೋಡುತ್ತಿದ್ದ. ಕುರ್ಚಿಯ ಮೇಲೆ ಕೂತವನನ್ನಲ್ಲ.

"ಉಸಿರಾ? ನಂಗಾ?" ಎಂದು ಭೂಕಂಪಣ್ಣ ನಕ್ಕ. ಆ ನಗುವಿನ ಮಧ್ಯದಲ್ಲೇ ಒಂದು ಸಣ್ಣ ಏದುಸಿರು ಬಂದದ್ದನ್ನು ಕೆಮ್ಮಿ ಮುಚ್ಚಿಕೊಂಡ.

ಆ ಸಂಜೆ ನಾಲ್ಕು ಟ್ಯೂಬಾಗಳು ಎರಡನೇ ಮಹಡಿಯ ಆ ಪುಟ್ಟ ಮನೆಗೆ ಆಗಮಿಸಿದವು. ಹೆಂಡತಿ ಹಾಲಿನ ನಡುವಿನ ಮೇಜಿನ ಮೇಲೆ ಬಟ್ಟೆ ಹರಡಿಕೊಂಡು ಕತ್ತರಿಸುತ್ತಿದ್ದಳು. ಪರದೆ, ಸೋಫಾ ಕವರು ಹೊಲಿದುಕೊಡುವುದು ಅವಳ ಉದ್ಯೋಗ. ಯಾವುದೋ ಸಭಾಭವನದ ನೀಲಿ ಪರದೆ ಮನೆಯ ಉದ್ದಗಲಕ್ಕೂ ಚೆಲ್ಲಿಕೊಂಡಿತ್ತು.

"ಇದೇನ್ರೀ ಇದು? ಒಂದು ಸತ್ರೆ ನಾಲ್ಕು ಹುಟ್ಕೊಂಡ್ಬಂತಾ?"

"ಪರೀಕ್ಷೆ ಮಾಡೋಕೆ ಕಣೇ. ಎಲ್ಲಾ ಒಂದೇ ಅಲ್ಲ. ಕೊಳವೆ ಉದ್ದ ಆದಷ್ಟೂ ಸ್ವರ ಕೆಳಗಿಳಿಯುತ್ತೆ. ಇದು ಎಫ್, ಎಲ್ಲಕ್ಕಿಂತ ಚಿಕ್ಕದು. ಇದು ಇ ಫ್ಲ್ಯಾಟು. ಇದು ಸಿ. ಇನ್ನು ಈ ಮಹಾರಾಯ ಇದಾನಲ್ಲ, ಇವನು ಬಿ ಫ್ಲ್ಯಾಟು."

"ನಾವಿರೋ ಫ್ಲ್ಯಾಟಲ್ಲೇ ಕಾಲಿಡೋಕೆ ಜಾಗ ಇಲ್ಲ, ಮತ್ತೆರಡು ಫ್ಲ್ಯಾಟು ತಂದ್ರಾ!"

"ಯಾರೇ ಅದು, ಅಡುಗೆಮನೆಗೆ ಹೊಸ ಪಾತ್ರೆ ಬಂತಾ?" ಎಂದು ಒಳಗಿನಿಂದ ಅತ್ತೆ ಕೇಳಿದರು. ಇವರು ಹೆಂಡತಿಯ ತಾಯಿ. ಕಿವಿ ಕೇಳಿಸುವುದಿಲ್ಲವೆಂದು ತಮಗೆ ತಾವೇ ಘೋಷಿಸಿಕೊಂಡವರು. ತಮಗೆ ಬೇಕಾದದ್ದನ್ನು ಮಾತ್ರ ಮೂರು ಗೋಡೆಯಾಚೆಯಿಂದಲೂ ಕೇಳಿಸಿಕೊಳ್ಳುತ್ತಿದ್ದರು.

ಎಫ್ ಟ್ಯೂಬಾ ಮೇಜಿನ ಕೆಳಗೆ ಹೋಯಿತು. ಸಿ ಟ್ಯೂಬಾಕ್ಕೆ ಅಡುಗೆಮನೆಯ ಮೂಲೆ ಸಿಕ್ಕಿತು. ಇ ಫ್ಲ್ಯಾಟು ಬೆತ್ತದ ಕುರ್ಚಿಯಲ್ಲಿ ಮರ್ಯಾದಸ್ಥನಂತೆ ಕೂತಿತು. ಬಿ ಫ್ಲ್ಯಾಟ್ ಮಹಾರಾಯನಿಗೆ ಮಾತ್ರ ಎಲ್ಲೂ ಜಾಗ ಹೊಂದಲಿಲ್ಲ. ಕೊನೆಗೆ ಮಂಚದ ಮೇಲೆ ಮಲಗಿಸಿ, ಭೂಕಂಪಣ್ಣ ತಾನು ಚಾಪೆ ಹಾಕಿಕೊಂಡ. ("ಅಷ್ಟು ವರ್ಷ ನನ್ನ ಪಕ್ಕ ಗೊರಕೆ ಹೊಡೀತಿದ್ದದ್ದಕ್ಕಿಂತ ಇದೇ ವಾಸಿ, ಸುಮ್ನಿರುತ್ತೆ" ಎಂದಳು ಹೆಂಡತಿ.)

ಮರುದಿನದಿಂದ ತೌಲನಿಕ ಅಧ್ಯಯನ ಆರಂಭವಾಯಿತು. ಮೊದಲು ಎಫ್. ಮೇಲಿನ ಸ್ವರಗಳಲ್ಲಿ ಅದು ಚೂಟಿಯಾಗಿ ಹಾಡಿತು. ಕೆಳಗಿಳಿದ ಕೂಡಲೇ ಒದ್ದೆ ಗೋಣಿಚೀಲದಲ್ಲಿ ಬಾಯಿಟ್ಟು ಮಾತಾಡಿದಂತೆ ಮುಲುಗಿತು. ಸಿ ಟ್ಯೂಬಾ ಸ್ಪಷ್ಟ, ಚುರುಕು, ಶಿಸ್ತು. ಊದಿದ್ದಕ್ಕೆ ಸರಿಯಾಗಿ ಉತ್ತರ ಕೊಡುತ್ತದೆ, ತಪ್ಪು ಊದಿದರೆ ತಪ್ಪನ್ನೂ ಅಷ್ಟೇ ಸ್ಪಷ್ಟವಾಗಿ ಊರಿಗೆಲ್ಲ ಸಾರುತ್ತದೆ. ಭೂಕಂಪಣ್ಣನಿಗೆ ಅದರ ಪ್ರಾಮಾಣಿಕತೆ ಹಿಡಿಸಲಿಲ್ಲ.

ಆಮೇಲೆ ಮಹಾರಾಯ. ಭೂಕಂಪಣ್ಣ ಮಂಚದ ಮೇಲೆ ಕೂತು, ಅದನ್ನು ತೊಡೆಗೇರಿಸಿಕೊಂಡು, ಎದೆ ತುಂಬ ಉಸಿರೆಳೆದು ಊದಿದ. ಉಸಿರು ಹೋಯಿತು. ಸ್ವರ ಬರಲಿಲ್ಲ. ಒಳಗೆ ಅಷ್ಟು ಉದ್ದದ ಕೊಳವೆಯನ್ನೆಲ್ಲ ಸುತ್ತಿ, ಬೆವರೊರೆಸಿಕೊಂಡು, ಸಾವಕಾಶವಾಗಿ 'ಭೋಂ' ಎಂದು ಬಂದಾಗ ಮಂಚದ ಕಾಲು ಅದುರಿತು, ಕಿಟಕಿಯ ಗಾಜು ಗಡಗಡಿಸಿತು, ಕೆಳಗಿನ ಮನೆಯವರು ಪೊರಕೆಯ ಹಿಡಿಯಿಂದ ಚಾವಣಿಗೆ ಕುಟ್ಟಿದರು. ಆಹಾ, ಎಂಥ ನಾದ! ಎಂಥ ಗಾಂಭೀರ್ಯ! ಭೂಕಂಪಣ್ಣ ಹೊಸ ಹಾಡಿನ ಪುಟ ತೆರೆದು ಮೊದಲ ಸಾಲು ಊದಿದ. ಸಾಲಿನ ಅರ್ಧಕ್ಕೆ ಕಿವಿ ಗುಂಯ್ ಎಂದಿತು. ಮುಕ್ಕಾಲಿಗೆ ಕಣ್ಣ ಮುಂದೆ ಹಳದಿ ನಕ್ಷತ್ರಗಳು ಬಂದವು. ಸಾಲು ಮುಗಿಯುವುದರೊಳಗೆ ಅವನೇ ಮುಗಿದು, ಟ್ಯೂಬಾದ ಬಾಯಿಗೆ ತಲೆಯಾನಿಸಿ ಕೂತುಬಿಟ್ಟ. ಹಳೆಯ ಟ್ಯೂಬಾದಲ್ಲಿ 'ಭೋಂ' ಎಂದು ಒಂದು ತಾಳ ಊದಿ ಎರಡು ತಾಳ ಸುಮ್ಮನಿದ್ದರೆ ಸಾಕಿತ್ತು. ಹಾಡು ಹಾಗಲ್ಲ. ಎಳೆ ಕಡಿಯದಂತೆ ಒಂದೇ ಉಸಿರಿನಲ್ಲಿ ಒಂದು ಸಾಲು ಎಳೆಯಬೇಕು.

ಕೊನೆಗೆ ಇ ಫ್ಲ್ಯಾಟು. ಅದನ್ನು ಅವನು ಕಣ್ಣೆತ್ತಿ ನೋಡುವುದಕ್ಕೂ ಸಂಕೋಚಪಟ್ಟ. ಏಕೆಂದರೆ ಎಷ್ಟೋ ವರ್ಷಗಳಿಂದ ಬ್ಯಾಂಡಿನ ಮನೆಯಲ್ಲಿ, ಹೋಟೆಲಿನಲ್ಲಿ, ಲಿಫ್ಟಿನ ಗುಂಡಿಯೊಳಗೆ, ಎಲ್ಲೆಲ್ಲೂ ಅವನು ಸಾರಿಕೊಂಡು ಬಂದ ಸಿದ್ಧಾಂತ ಒಂದೇ: "ಬಿ ಫ್ಲ್ಯಾಟು ಊದೋನು ಗಂಡಸು. ಇ ಫ್ಲ್ಯಾಟು ಊದೋದೂ ಒಂದೇ, ಖಾಲಿ ಬಾಟ್ಲಿ ಊದೋದೂ ಒಂದೇ." ಮನೆಯಲ್ಲಿ ಯಾರೂ ಇಲ್ಲದ್ದನ್ನು ಖಚಿತಪಡಿಸಿಕೊಂಡು, ಬಾಗಿಲಿಗೆ ಚಿಲಕ ಹಾಕಿ, ಅದನ್ನು ತೊಡೆಯ ಮೇಲೆ ಕೂರಿಸಿಕೊಂಡ. ಊದಿದ.

ಅದು ಹಾಡಿತು. ತಡಮಾಡದೆ, ಉಸಿರು ಕೇಳದೆ, ಕೊನೆಯ ಸಾಲಿನವರೆಗೂ ಹಾಡಿತು. ಕೆಳಗೆ ದಪ್ಪ, ಮೇಲೆ ಮಧುರ. ಪುಟ ಮುಗಿದಾಗ ಭೂಕಂಪಣ್ಣನಿಗೆ ಇನ್ನೂ ಎರಡು ಮಾತಾಡುವಷ್ಟು ಉಸಿರು ಉಳಿದಿತ್ತು. ಕೆಳಗಿನ ಮನೆಯ ಪೊರಕೆ ಕೂಡ ಸುಮ್ಮನಿತ್ತು. ಅವನು ಅದನ್ನು ಅಪ್ಪಿಕೊಂಡು "ನೀನೇ ಕಣೋ ನಂಗೆ ಬೇಕಾಗಿದ್ದು" ಎಂದು ಅದರ ಕಿವಿಯಲ್ಲಿ (ಬಾಯಲ್ಲಿ ಅನ್ನಿ, ಟ್ಯೂಬಾಕ್ಕೆ ಎಲ್ಲವೂ ಒಂದೇ) ಪಿಸುಗುಟ್ಟಿದ.

ಆದರೆ ಬಾಯಿಬಿಟ್ಟು ಹೇಳುವುದು ಹೇಗೆ? 'ಚಿಕ್ಕದು ಸಾಕು' ಎಂದರೆ 'ಉಸಿರಿಲ್ಲ' ಎಂದ ಹಾಗೆ. ಉಸಿರಿಲ್ಲ ಎಂದರೆ ಬೇಕರಿಯವನು ಕುರ್ಚಿಯಲ್ಲಿ. ಅವನು ದೊಡ್ಡದನ್ನೂ ಊದುತ್ತಾನೆ, ಕಟ್ಟಡವನ್ನೂ ಊದಿ ಹಾರಿಸುತ್ತಾನೆ.

ಹಾಗಾಗಿ ಮನೆಯಲ್ಲಿ ನಾಟಕ ನಡೆಯಿತು. ಹೆಂಡತಿ ಎದುರಿಗಿದ್ದಾಗ ಭೂಕಂಪಣ್ಣ ಮಹಾರಾಯನಿಗೆ ಎಣ್ಣೆ ಹಾಕುತ್ತಿದ್ದ, ಮೆತ್ತನೆ ಬಟ್ಟೆಯಿಂದ ಉಜ್ಜುತ್ತಿದ್ದ, "ಇವನಿಂದ ನನ್ನ ದೂರ ಮಾಡಿದ್ರೆ ನನ್ನ ಕಥೆ ಮುಗಿದ ಹಾಗೆ ಕಣೇ" ಎಂದು ನಿಟ್ಟುಸಿರಿಡುತ್ತಿದ್ದ. ಅವಳು ಬಟನ್ನು ತರಲು ಅಂಗಡಿಗೆ ಹೋದರೆ ಸಾಕು, ಇ ಫ್ಲ್ಯಾಟು ತೊಡೆಯೇರುತ್ತಿತ್ತು. ಒಂದು ಸಲ ಅವಳು ಬೇಗ ವಾಪಸು ಬಂದಾಗ ಅವನು ಗಡಿಬಿಡಿಯಲ್ಲಿ ಮಹಾರಾಯನನ್ನು ಎತ್ತಿಕೊಂಡು ಒಂದು ಸಾಲು ಊದಿ, ಎಂದಿನಂತೆ ಅದರ ಬಾಯಿಗೆ ತಲೆಯಾನಿಸಿ ಕೂತಿದ್ದ. ಬಾಗಿಲಲ್ಲಿ ನಿಂತು ಅವಳು ಬಹಳ ಹೊತ್ತು ನೋಡಿದಳು. ಅಂದು ಸಂಜೆ ಚಹಾಕ್ಕೆ ಸಕ್ಕರೆ ಸ್ವಲ್ಪ ಹೆಚ್ಚಾಗಿಯೇ ಬಿದ್ದಿತ್ತು.

ಬೆರಳುಗಳ ಕಥೆ ಇನ್ನೊಂದು. ಒಂದೇ ಸ್ವರಕ್ಕೆ ಒಂದೊಂದು ಟ್ಯೂಬಾದಲ್ಲಿ ಬೆರಳಿನಿಂದ ಬೇರೆ ಬೇರೆ ಗುಂಡಿ ಒತ್ತಬೇಕು. ಇಷ್ಟು ವರ್ಷ ಬಿ ಫ್ಲ್ಯಾಟಿನ ಲೆಕ್ಕಕ್ಕೆ ಒಗ್ಗಿದ್ದ ಬೆರಳುಗಳಿಗೆ ಈಗ ನಾಲ್ಕು ಭಾಷೆ ಕಲಿಯುವ ಶಿಕ್ಷೆ. ಅವು ಹುಚ್ಚೆದ್ದವು. ಊಟದ ತಟ್ಟೆಯ ಅಂಚಿನಲ್ಲಿ ಒತ್ತಿದವು, ಹೆಂಡತಿಯ ಭುಜದ ಮೇಲೆ ಒತ್ತಿದವು ("ಏನ್ರೀ ಇದು, ಟೈಪಿಸ್ಟ್ ಕೆಲಸಕ್ಕೆ ಸೇರಿದ್ರಾ?"). ಕೆಲಸದಲ್ಲಿ ಲಿಫ್ಟ್ ಪರೀಕ್ಷೆ ಮಾಡುವಾಗ ನೆಲಮಹಡಿಗೆ ಒತ್ತುವ ಬದಲು ಇ ಫ್ಲ್ಯಾಟಿನಲ್ಲಿ ಒಂದು ಸಾಲು ಒತ್ತಿಬಿಟ್ಟ. ಒಳಗಿದ್ದ ದಂತವೈದ್ಯರು ಎಲ್ಲ ಮಹಡಿಗಳಲ್ಲೂ ಬಾಗಿಲು ತೆರೆದು ಮುಚ್ಚುವುದನ್ನು ನೋಡುತ್ತ ಮೇಲೆ ಕೆಳಗೆ ಓಡಾಡಿದರು. ಇಳಿದಾಗ ಅವರ ಹಲ್ಲೇ ಕಟಕಟ ಎನ್ನುತ್ತಿತ್ತು.

ಆ ಲಿಫ್ಟಿನಲ್ಲಿ ಬೈಗುಳ ತಿನ್ನುತ್ತಿರುವಾಗಲೇ ಭೂಕಂಪಣ್ಣನಿಗೆ ಆ ದಿವ್ಯ ಉಪಾಯ ಹೊಳೆಯಿತು. ಪರದೆ! ಪರದೆಯ ಹಿಂದೆ ಕೂತು ನಾಲ್ಕನ್ನೂ ಊದುವುದು. ಮಾಸ್ತರರು ಕಣ್ಣಿಂದ ನೋಡದೆ ಬರೀ ಕಿವಿಯಿಂದ ಆರಿಸುವುದು. ಇ ಫ್ಲ್ಯಾಟನ್ನು ಜೇನಿನಂತೆ ಊದುವುದು, ಉಳಿದವನ್ನು 'ತಪ್ಪು ಟ್ಯೂಬಾದ್ದೇ' ಅನ್ನಿಸುವಂತೆ ಊದುವುದು. ಮಾಸ್ತರರೇ ಚಿಕ್ಕದನ್ನು ಆರಿಸಿದ ಮೇಲೆ ತನ್ನ ಉಸಿರಿನ ಮಾತೇ ಬರುವುದಿಲ್ಲ. "ಏನ್ ಮಾಡೋದು ಸಾರ್, ನಂಗೆ ದೊಡ್ಡದೇ ಬೇಕಿತ್ತು. ನಿಮ್ಮ ಕಿವಿ ಹೇಳಿದ ಮೇಲೆ ಮುಗೀತು" ಎಂದು ದುಃಖಿಸಿಬಿಟ್ಟರೆ ಮಾನವೂ ಉಳಿಯಿತು, ಕುರ್ಚಿಯೂ ಉಳಿಯಿತು.

ಮಾಸ್ತರರು ಕುಣಿದು ಒಪ್ಪಿದರು. "ಕಣ್ಣು ಮುಚ್ಕೊಂಡು ಹೇಳ್ತೀನ್ರೀ ನಾನು, ಯಾವ್ದು ಬಿ ಫ್ಲ್ಯಾಟು, ಯಾವ್ದು ಸಿ ಅಂತ. ಟ್ಯೂಬಾ ಸೀನಿದ್ರೂ ಗೊತ್ತಾಗುತ್ತೆ. ಈ ಕಿವಿಗೆ ಮೋಸ ಮಾಡೋನು ಇನ್ನೂ ಹುಟ್ಟಿಲ್ಲ!"

ಭಾನುವಾರ ಮಧ್ಯಾಹ್ನ ಹಾಲಿನ ನಡುವೆ ಹಗ್ಗ ಕಟ್ಟಿ ಸಭಾಭವನದ ನೀಲಿ ಪರದೆ ಇಳಿಬಿಟ್ಟರು. ಪರದೆಯ ಆಚೆ ಸೋಫಾದಲ್ಲಿ ಮಾಸ್ತರರು, ಅವರ ಪಕ್ಕದಲ್ಲಿ ಸೋಫಾದ ಬಹುಪಾಲು ಆವರಿಸಿಕೊಂಡ ಬೇಕರಿಯವನು, ಮೂಲೆಯ ಕುರ್ಚಿಯಲ್ಲಿ ಅತ್ತೆ. (ಅವರನ್ನು ಯಾರೂ ಕರೆದಿರಲಿಲ್ಲ. ಚಕ್ಕುಲಿಯ ಡಬ್ಬಿ ತೆರೆದ ಸದ್ದು ಅವರಿಗೆ ಕೇಳಿಸಿತ್ತು.) ಪರದೆಯ ಈಚೆ ಭೂಕಂಪಣ್ಣ, ಟ್ಯೂಬಾಗಳನ್ನು ಎತ್ತಿಕೊಡಲು ಹೆಂಡತಿ. ಅವಳು ಚೌಕ ಬಟ್ಟೆಯ ತುಂಡುಗಳ ಮೇಲೆ ಸೀಮೆಸುಣ್ಣದಿಂದ ಒಂದು, ಎರಡು, ಮೂರು, ನಾಲ್ಕು ಎಂದು ಬರೆದು, ಪರದೆ ಕಟ್ಟುವ ನಾಡಾದಿಂದ ಒಂದೊಂದು ಟ್ಯೂಬಾದ ಕುತ್ತಿಗೆಗೆ ಕಟ್ಟಿದಳು. ಒಂದು ಎಫ್, ಎರಡು ಮಹಾರಾಯ, ಮೂರು ಇ ಫ್ಲ್ಯಾಟು, ನಾಲ್ಕು ಸಿ. ಗಂಟು ಹಾಕುವುದರಲ್ಲಿ, ಬಿಚ್ಚುವುದರಲ್ಲಿ ಅವಳ ಕೈ ಬಲು ಚುರುಕು.

"ಒಂದನೇ ನಂಬರು!" ಎಂದು ಅವಳು ಕೂಗಿದಳು.

ಭೂಕಂಪಣ್ಣ ಊದಿದ. "ಎಫ್" ಎಂದರು ಮಾಸ್ತರರು. "ಕೆಳಗಿನ ಸ್ವರಕ್ಕೆ ಶೀತ ಆಗಿದೆ." ಸರಿಯಾಗಿಯೇ ಇತ್ತು. ಭೂಕಂಪಣ್ಣನ ಎದೆ ಒಮ್ಮೆ ಝಲ್ಲೆಂದಿತು.

"ಎರಡನೇ ನಂಬರು!"

ಮಹಾರಾಯ. ಭೂಕಂಪಣ್ಣ ಉಸಿರು ಕಟ್ಟುವ ಮೊದಲೇ ಸಾಲನ್ನು ಕತ್ತರಿಸಿ, ತುಂಡು ತುಂಡು ಮಾಡಿ, ಸಪ್ಪೆಯಾಗಿ ಊದಿ ಮುಗಿಸಿದ.

"ಥೂ! ಇದು ಸಿ ಇರ್ಬೇಕು. ಸತ್ವಾನೇ ಇಲ್ಲ. ಇಂಥದ್ನ ಬ್ಯಾಂಡಿನ ಹತ್ರಕ್ಕೂ ತರಬೇಡಿ!" ಎಂದರು ಮಾಸ್ತರರು. ಭೂಕಂಪಣ್ಣನಿಗೆ ಒಳಗೊಳಗೇ ಕುಣಿಯುವಂತಾಯಿತು. ಹೆಂಡತಿ ಮಾತ್ರ ತುಟಿ ಕಚ್ಚಿಕೊಂಡು ಮಹಾರಾಯನನ್ನು ಅವನ ತೊಡೆಯಿಂದ ಮೆಲ್ಲಗೆ ಇಳಿಸಿದಳು, ಆಸ್ಪತ್ರೆಯಲ್ಲಿ ರೋಗಿಯನ್ನು ಇಳಿಸುವ ಹಾಗೆ.

ಮುಂದಿನದಕ್ಕೆ ಮೊದಲು ಅವನು ಇ ಫ್ಲ್ಯಾಟಿನೊಳಗೆ ಸೇರಿಕೊಂಡಿದ್ದ ನೀರನ್ನು 'ಬುಸ್ಸ್...' ಎಂದು ಊದಿ ಹೊರಹಾಕಿದ.

"ಇದು ಚೆನ್ನಾಗಿದೆ!" ಎಂದರು ಅತ್ತೆ. "ಇದನ್ನೇ ಇಟ್ಕೊಳ್ಳಿ. ಮನೆಗೂ ಒಳ್ಳೇದು."

"ಮೂರನೇ ನಂಬರು!"

ಭೂಕಂಪಣ್ಣ ಕಣ್ಣು ಮುಚ್ಚಿ ಊದಿದ. ಜೀವಮಾನದಲ್ಲಿ ಅವನು ಹಾಗೆ ಊದಿರಲಿಲ್ಲ. ಸಾಲಿಗೆ ಸಾಲು ಸೇರಿ ಹರಿಯಿತು. ಪಕ್ಕದ ಮನೆಯ ಪ್ರೆಷರ್ ಕುಕ್ಕರು ಕೂಗುವುದನ್ನು ನಿಲ್ಲಿಸಿತು (ಅಥವಾ ಗ್ಯಾಸು ಮುಗಿದಿರಬಹುದು). ಕೊನೆಯ ಸ್ವರ ಗೋಡೆಯೊಳಗೆ ಇಳಿದುಹೋಗುವಷ್ಟರಲ್ಲಿ ಚಕ್ಕುಲಿ ಮುರಿಯುವ ಸದ್ದೂ ನಿಂತಿತ್ತು.

"ಇದೇ!" ಮಾಸ್ತರರು ಎದ್ದು ನಿಂತದ್ದು ಸೋಫಾದ ಸ್ಪ್ರಿಂಗಿನಿಂದಲೇ ತಿಳಿಯಿತು. "ಇದೇ ಬಿ ಫ್ಲ್ಯಾಟು! ಏನು ಆಳ! ಏನು ಗಾಂಭೀರ್ಯ! ನಾಲ್ಕನೇದು ಕೇಳೋದೇ ಬೇಡ. ಮೂರನೇ ನಂಬರೇ ನಮ್ಮ ಬ್ಯಾಂಡಿಗೆ!"

"ಸಾರ್, ಇದು ಚಿಕ್ಕದು ಅನ್ಸುತ್ತೆ" ಎಂದ ಬೇಕರಿಯವನು. "ಇ ಫ್ಲ್ಯಾಟು ಇರ್ಬೇಕು. ಅಣ್ಣಂಗೆ ಈಗ ದೊಡ್ಡದು ಊದೋಕೆ..."

"ನೀನು ಬ್ರೆಡ್ಡು ಉಬ್ತಾ ಇದ್ಯಾ ಇಲ್ವಾ ನೋಡ್ಕೋ. ನಂಗೆ ಹೇಳ್ಕೊಡ್ಬೇಡ. ಇದು ಬಿ ಫ್ಲ್ಯಾಟಲ್ದಿದ್ರೆ ಬ್ಯಾಂಡ್ ನಡೆಸೋ ಈ ಕೋಲನ್ನ ಕೆಳಗಿಡ್ತೀನಿ!"

ಪರದೆಯ ಈಚೆ ಭೂಕಂಪಣ್ಣನ ಕಣ್ಣಲ್ಲಿ ನೀರು ತುಂಬಿ ಬಂತು. ಗೆದ್ದೆ! ಈಗ ಪರದೆ ಸರಿದಾಗ ಚಿಕ್ಕದೇ ದೊಡ್ಡದಕ್ಕಿಂತ ದೊಡ್ಡದಾಗಿ ನುಡಿಯಿತು ಎಂದು ಮಾಸ್ತರರೇ ಒಪ್ಪಬೇಕು. ಸ್ವಲ್ಪ ಮುಖ ಕೆಂಪಾಗುತ್ತದೆ, ಆದರೆ ಕೋಲು ಕೆಳಗಿಡುವ ಪೈಕಿ ಅಲ್ಲ ಅವರು. ಕುರ್ಚಿ ಉಳಿಯಿತು! ಇಡೀ ಪುಟ ತನ್ನದೇ! ಹೆಂಡತಿಯ ಕೈಯನ್ನೊಮ್ಮೆ ಹಿಡಿದು ಅದುಮಿ, ಕಣ್ಣೊರೆಸಿಕೊಳ್ಳುತ್ತ ಪರದೆ ಸರಿಸಿ ಆಚೆ ಹೋದ. ಹೋಗಿ, ತಯಾರು ಮಾಡಿಕೊಂಡಿದ್ದ ದುಃಖದ ಮುಖ ಹಾಕಿಕೊಂಡು, ತಲೆ ಬಾಗಿಸಿ ನಿಂತ.

"ಸಾರ್, ನಂಗೆ ದೊಡ್ಡದ್ರ ಮೇಲೇ ಪ್ರಾಣ. ಆದ್ರೂ ನಿಮ್ಮ ಕಿವಿ ಏನು ಹೇಳುತ್ತೋ ಅದಕ್ಕೆ ನಾನು ಬದ್ಧ. ಮೂರನೇ ನಂಬರು ಯಾವುದೇ ಇರ್ಲಿ, ಕಣ್ಣು ಮುಚ್ಕೊಂಡು ಒಪ್ಕೋತೀನಿ. ಇವರೆಲ್ಲರ ಮುಂದೆ ಮಾತು ಕೊಟ್ಟಿದೀನಿ!"

"ಭೇಷ್! ತೆಗೀರಮ್ಮ ಪರದೆ!"

ಪರದೆ ಸರಿಯಲು ಸ್ವಲ್ಪ ತಡವಾಯಿತು. ಬಳೆಯ ಸದ್ದು, ನಾಡಾ ಸರ್ರನೆ ಎಳೆದ ಸದ್ದು ಕೇಳಿಸಿತು. ಆಮೇಲೆ ನೀಲಿ ಪರದೆ ಪಕ್ಕಕ್ಕೆ ಹೋಯಿತು.

ಬೆತ್ತದ ಕುರ್ಚಿಯಲ್ಲಿ ಕೂತ ಇ ಫ್ಲ್ಯಾಟಿನ ಕುತ್ತಿಗೆಯಲ್ಲಿ 'ಎರಡು' ಎಂದಿತ್ತು. ಮಂಚದಿಂದ ತಂದು ನೆಲದ ಮೇಲೆ ನಿಲ್ಲಿಸಿದ್ದ ಬಿ ಫ್ಲ್ಯಾಟ್ ಮಹಾರಾಯನ ಕುತ್ತಿಗೆಯಲ್ಲಿ, ಚೆಂದದ ಹೂಗಂಟು ಹಾಕಿ ಕಟ್ಟಿದ ಬಟ್ಟೆಯ ತುಂಡಿನ ಮೇಲೆ, 'ಮೂರು'.

"ನೋಡ್ದಾ?" ಮಾಸ್ತರರು ಬೇಕರಿಯವನ ಬೆನ್ನಿಗೆ ಗುದ್ದಿದರು. "ಹೇಳಿರ್ಲಿಲ್ವಾ? ಬಿ ಫ್ಲ್ಯಾಟು! ಟ್ಯೂಬಾ ಸೀನಿದ್ರೂ ಗೊತ್ತಾಗುತ್ತೆ ನಂಗೆ!"

ಭೂಕಂಪಣ್ಣನ ಬಾಯಿ ತೆರೆದುಕೊಂಡಿತು. ತಪ್ಪಾಗಿದೆ ಎನ್ನೋಣವೆಂದರೆ ಮಾಸ್ತರರ ಕಿವಿಗೆ ಬೇಕರಿಯವನ ಮುಂದೆಯೇ ಅವಮಾನ. ಚಿಕ್ಕದನ್ನು ಊದಿದ್ದೆ ಎನ್ನೋಣವೆಂದರೆ 'ದೊಡ್ಡದನ್ನು ಯಾಕೆ ಸಪ್ಪೆಯಾಗಿ ಊದಿದೆ?' ಎಂಬ ಪ್ರಶ್ನೆ. ಅದಕ್ಕೆ ಉತ್ತರ ಆ ಸೋಫಾದ ಮೇಲೆ ಎದೆಯುಬ್ಬಿಸಿ ಕೂತಿತ್ತು. ಅವನು ಹೆಂಡತಿಯ ಮುಖ ನೋಡಿದ. ಅವಳು ಯಾರಿಗೂ ಕಾಣದ ಹಾಗೆ ಒಂದು ಕಣ್ಣು ಮಿಟುಕಿಸಿದಳು. ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಸಲ. ಭೂಕಂಪಣ್ಣ ಬಾಯಿ ಮುಚ್ಚಿಕೊಂಡ.

"ಏನ್ರೀ ಉಸಿರು ನಿಮ್ದು!" ಮಾಸ್ತರರು ಅವನನ್ನು ತಬ್ಬಿಕೊಂಡರು. "ಇಷ್ಟು ದೊಡ್ಡದನ್ನ ಕೊಳಲಿನ ಹಾಗೆ ಊದ್ಬಿಟ್ರಲ್ಲ! ನಂಗೆ ಅನುಮಾನ ಇತ್ತು, ತಪ್ಪಾಯ್ತು. ಒಂದು ಪುಟ ನಿಮಗೆ ಯಾವ ಮೂಲೆಗೆ? ಇವತ್ತೇ ಕೂತು ಇನ್ನೆರಡು ಪುಟ ಬರೀತೀನಿ. ಕೊನೆಯ ಸ್ವರ ನೀವು ಹಿಡ್ಕೊಂಡೇ ಇರ್ಬೇಕು, ಜನ ಎದ್ದು ಮನೆಗೆ ಹೋಗೋ ತನಕ!"

ಬೇಕರಿಯವನು ಮಾತ್ರ ಕುರ್ಚಿಯ ಹತ್ತಿರ ಹೋಗಿ ಇ ಫ್ಲ್ಯಾಟನ್ನು ತಿರುಗಿಸಿ ನೋಡಿದ. ಮೌತ್‌ಪೀಸಿಗೆ ಬೆರಳಿಟ್ಟ. ಅದು ಇನ್ನೂ ಬೆಚ್ಚಗಿತ್ತು. ಅವನು ಭೂಕಂಪಣ್ಣನನ್ನು ನೋಡಿದ, ಭೂಕಂಪಣ್ಣ ಚಾವಣಿ ನೋಡಿದ.

"ಸಾರ್, ಇದನ್ನ ನಾನು ಇಟ್ಕೊಳ್ಲಾ?" ಎಂದ ಬೇಕರಿಯವನು, ಬಹಳ ಮೆತ್ತಗೆ. "ನನ್ನಂಥೋರಿಗೆ ಚಿಕ್ಕದೇ ಸಾಕು. ಅಣ್ಣನ ಪಕ್ಕ ಕೂತು ಕಲ್ಕೋತೀನಿ."

"ಆಗ್ಲಿ, ಆಗ್ಲಿ! ಗುರುವಿನ ಪಕ್ಕ ಶಿಷ್ಯ!"

ಬೇಕರಿಯವನು ಇ ಫ್ಲ್ಯಾಟನ್ನು ಮಗುವಿನ ಹಾಗೆ ಎತ್ತಿಕೊಂಡು ಮೆಟ್ಟಿಲಿಳಿದ. ಮೊದಲ ಮಹಡಿಯ ತಿರುವಿನಲ್ಲಿ ತಡೆಯಲಾರದೆ ಒಂದು ಸಾಲು ಊದಿಯೂ ಬಿಟ್ಟ. ಜೇನು! ಭೂಕಂಪಣ್ಣ ಕಿಟಕಿಯ ಸರಳು ಹಿಡಿದುಕೊಂಡು, ಅದು ಬೀದಿಯ ಮೂಲೆ ತಿರುಗುವವರೆಗೂ ನೋಡುತ್ತ ನಿಂತ.

"ಏನೇ ಮಾಡ್ದೆ ನೀನು?" ಎಂದು ಅವನು ತಿರುಗಿದ. ಕೂಗಾಡಬೇಕೆಂದೇ ತಿರುಗಿದ್ದ.

ಹೆಂಡತಿ ಪರದೆ ಮಡಚುತ್ತಿದ್ದಳು. ಮುಖದಲ್ಲಿ ಬೆಳಕು. "ಸುಮ್ನಿರ್ರೀ, ನಂಗೇನು ಕಣ್ಣಿಲ್ವಾ? ಎಷ್ಟು ವರ್ಷದಿಂದ ನೋಡ್ತಿದೀನಿ, ನಿಮ್ಮ ಜೀವ ಎಲ್ಲಾ ಆ ದೊಡ್ಡದ್ರಲ್ಲೇ ಇದೆ. ದಿನಾ ಅದಕ್ಕೆ ತಲೆಯಾನಿಸ್ಕೊಂಡು ಕೂತ್ಕೋತೀರಿ. ಇವತ್ತು ಆ ಮೇಷ್ಟ್ರು ಅದಕ್ಕೆ ಸತ್ವ ಇಲ್ಲ ಅಂದಾಗ, ಮೂರನೇದು ಅಂದಾಗ, ನಿಮ್ಮ ಕಣ್ಣಲ್ಲಿ ನೀರು ಬಂತಲ್ಲ! ನಾನು ಬೈದಿರ್ಬೋದು, ಸದ್ದು ಅಂದಿರ್ಬೋದು. ಆದ್ರೆ ನೀವು ಭೂಕಂಪ ಅಂತ ಜನ ಅಂದಾಗ ನಂಗೆ ಒಳಗೊಳಗೇ ಎಷ್ಟು ಜಂಬ ಗೊತ್ತಾ? ಆ ಬೇಕರಿ ಹುಡುಗನ ಮುಂದೆ ನಿಮ್ಮನ್ನ ಚಿಕ್ಕದು ಹಿಡ್ಕೊಂಡು ಕೂರೋಕೆ ಬಿಡ್ತೀನಾ ನಾನು? ನಾಡಾ ಬದಲಾಯಿಸ್ಬಿಟ್ಟೆ!"

ಕೂಗಾಟಕ್ಕೆಂದು ಎಳೆದುಕೊಂಡ ಉಸಿರು ಭೂಕಂಪಣ್ಣನ ಎದೆಯಲ್ಲೇ ಉಳಿಯಿತು. ಅವಳು ತನ್ನನ್ನು ಇಷ್ಟು ಎತ್ತರದಲ್ಲಿ ಇಟ್ಟಿದ್ದಾಳೆಂದು ಅವನಿಗೆ ಗೊತ್ತೇ ಇರಲಿಲ್ಲ. ಮನಸ್ಸು ತುಂಬಿ ಬಂತು. ಜೊತೆಗೇ, ಆ ಮೂರು ಪುಟವೂ ನೆನಪಾದವು. ನಿಜ ಹೇಳಿದರೆ ಈ ಬೆಳಕು ಆರಿಹೋಗುತ್ತದೆ. ಹೇಳದಿದ್ದರೆ ತಾನೇ ಆರಿಹೋಗಬೇಕು.

"ಒಳ್ಳೇದು ಮಾಡ್ದೆ ಕಣೇ" ಎಂದ. ಧ್ವನಿ ಎಲ್ಲೋ ಕೊಳವೆಯ ತಳದಿಂದ ಬಂದಂತಿತ್ತು.

"ಇನ್ನು ಮೇಲೆ ಸದ್ದು ಅಂತ ಒಂದ್ಮಾತೂ ಅನ್ನಲ್ಲ. ಬೆಳಗ್ಗೆ ನಾನೇ ಎಬ್ಬಿಸ್ತೀನಿ, ಸಂಜೆ ನಾನೇ ಎತ್ಕೊಡ್ತೀನಿ. ಕೆಳಗಿನ ಮನೆಯವ್ರ ಹತ್ರ ನಾನು ಮಾತಾಡ್ತೀನಿ. ಎಲ್ಲಿ, ಕೂತ್ಕೊಳ್ಳಿ. ಇಷ್ಟು ವರ್ಷಕ್ಕೆ ನಾನೊಬ್ಳೇ ಎದುರಿಗೆ ಕೂತು ಕೇಳಿದ್ದೇ ಇಲ್ಲ."

ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಅವಳು ಮಹಾರಾಯನನ್ನು ತಬ್ಬಿ ಎತ್ತಿ ಅವನ ತೊಡೆಯ ಮೇಲೆ ಇಟ್ಟಳು. 'ಮೂರು' ಎಂಬ ಬಟ್ಟೆಯ ತುಂಡನ್ನು ಸರಿಮಾಡಿದಳು. ಬೆತ್ತದ ಕುರ್ಚಿ ಈಗ ಖಾಲಿಯಿತ್ತಲ್ಲ, ಅದನ್ನು ಎಳೆದುಕೊಂಡು, ಗಲ್ಲಕ್ಕೆ ಕೈಯಿಟ್ಟು ಎದುರಿಗೆ ಕೂತಳು. ಅತ್ತೆ ಸದ್ದಿಲ್ಲದೆ ಎದ್ದು, ಚಕ್ಕುಲಿ ಡಬ್ಬಿ ಕಂಕುಳಲ್ಲಿಟ್ಟುಕೊಂಡು, ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಭೂಕಂಪಣ್ಣ ಊದಿದ. ಅರ್ಧ ಸಾಲಿಗೆ ಕಿವಿ ಗುಂಯ್ ಎಂದಿತು. ಮುಕ್ಕಾಲಿಗೆ ನಕ್ಷತ್ರಗಳು ಬಂದವು. ಸಾಲಿನ ಕೊನೆಯ ಸ್ವರ ಹೊರಗೆ ಬಂತೋ, ಪ್ರಾಣವೇ ಹೊರಗೆ ಬಂತೋ ಅವನಿಗೆ ತಿಳಿಯಲಿಲ್ಲ. ಟ್ಯೂಬಾದ ಬಾಯಿಗೆ ತಲೆಯಾನಿಸಿ, ಕಣ್ಣು ಮುಚ್ಚಿ, ಬೆವರಿಳಿಸುತ್ತ ಕೂತುಬಿಟ್ಟ.

ಎದುರಿನ ಕುರ್ಚಿಯಲ್ಲಿ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅಬ್ಬಾ! ಎಷ್ಟು ಮನಸ್ಸಿಟ್ಟು ಊದ್ತೀರ್ರೀ! ಇನ್ನೊಂದ್ಸಲ."